ಹಸ್ತಪ್ರತಿ ಕಳಿಸಲು ಸಕಾಲ ಯಾವುದು? ಎಂಟು ಸೂತ್ರಗಳು

ಕನ್ನಡದಲ್ಲಿ ಲೇಖಕರಿಗೂ ಪ್ರಕಾಶಕರಿಗೂ ನಡುವೆ ಏಜೆಂಟ್ ಇರುವುದು ತೀರಾ ಅಪರೂಪ. ಹಸ್ತಪ್ರತಿ ನೇರವಾಗಿ ಪ್ರಕಾಶಕರ ಕೈಸೇರುತ್ತದೆ. ಹಾಗಾಗಿ ಅದನ್ನು ಯಾವಾಗ ಕಳಿಸಬೇಕೆಂಬ ಲೆಕ್ಕಾಚಾರವೂ ಬರೆದವರದ್ದೇ. ಒಳ್ಳೆಯ ಬರಹ ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ ಮೂಲೆ ಸೇರಬಾರದು.

1. ಮೊದಲು ಬರಹ ಮಾಗಲಿ. ಕೊನೆಯ ಪುಟ ಮುಗಿದ ದಿನವೇ ಕಳಿಸಬೇಡಿ. ಒಂದೆರಡು ತಿಂಗಳು ಮುಟ್ಟದೆ ಇಟ್ಟು, ಆಮೇಲೆ ಗಟ್ಟಿಯಾಗಿ ಓದಿ. ನಾಲಗೆ ತಡವರಿಸಿದಲ್ಲೆಲ್ಲ ತಿದ್ದಿ. ಒಮ್ಮೆ ಬೇಡವೆಂದ ಹಸ್ತಪ್ರತಿಯನ್ನು ಅದೇ ಪ್ರಕಾಶಕರಿಂದ ಮತ್ತೆ ಓದಿಸುವುದು ಕಷ್ಟ.

2. ನವೆಂಬರ್ ಬಿಟ್ಟುಬಿಡಿ. ರಾಜ್ಯೋತ್ಸವದ ತಿಂಗಳೆಂದರೆ ರಿಯಾಯಿತಿ ಮಾರಾಟ, ಪುಸ್ತಕ ಮೇಳ, ಸಾಲು ಸಾಲು ಬಿಡುಗಡೆ. ಹೊಸ ಹಸ್ತಪ್ರತಿ ಓದಲು ಯಾರಿಗೂ ಪುರುಸೊತ್ತಿಲ್ಲ. ಸಾಹಿತ್ಯ ಸಮ್ಮೇಳನದ ಹಿಂದುಮುಂದಿನ ವಾರಗಳೂ ಹಾಗೆಯೇ. ಸಮ್ಮೇಳನಕ್ಕೆ ನಿಗದಿತ ತಿಂಗಳಿಲ್ಲ: ಹಾವೇರಿಯದು 2023ರ ಜನವರಿಯಲ್ಲಿ, ಮಂಡ್ಯದ್ದು 2024ರ ಡಿಸೆಂಬರ್‌ನಲ್ಲಿ ನಡೆಯಿತು. ದಿನಾಂಕ ನೋಡಿಕೊಂಡೇ ಕಳಿಸಿ.

3. ಹಿಂದಿನಿಂದ ಲೆಕ್ಕ ಹಾಕಿ. ಒಪ್ಪಿಗೆಯಾದ ಮೇಲೂ ಡಿಟಿಪಿ, ಎರಡು ಮೂರು ಸುತ್ತು ಕರಡು ತಿದ್ದುವಿಕೆ, ಮುನ್ನುಡಿ, ಮುಖಪುಟ, ಐಎಸ್‌ಬಿಎನ್, ಮುದ್ರಣ ಎಲ್ಲ ಬಾಕಿ ಇರುತ್ತವೆ. ಮುನ್ನುಡಿಯೊಂದೇ ತಿಂಗಳು ಹಿಡಿದೀತು. ರಾಜ್ಯೋತ್ಸವದ ಹೊತ್ತಿಗೆ ಪುಸ್ತಕ ಕೈಗೆ ಬರಬೇಕೆಂದರೆ ವರ್ಷದ ಮೊದಲ ತಿಂಗಳುಗಳಲ್ಲೇ ಹಸ್ತಪ್ರತಿ ಕೊಡಿ.

4. ಇಸವಿಯ ಮೇಲೆ ಕಣ್ಣಿರಲಿ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನಕ್ಕೂ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಆಯ್ಕೆಗೂ ಪುಸ್ತಕ ಪ್ರಕಟವಾದ ವರ್ಷವೇ ಆಧಾರ. ಡಿಸೆಂಬರ್ ಕೊನೆಯಲ್ಲಿ ಅಚ್ಚಾದ ಪುಸ್ತಕ ಓದುಗರನ್ನು ತಲುಪುವ ಮೊದಲೇ ಹಳೆಯ ವರ್ಷದ್ದಾಗುತ್ತದೆ. ಕೆಲಸ ತಡವಾದರೆ ಜನವರಿಗೆ ತರೋಣವೇ ಎಂದು ಪ್ರಕಾಶಕರನ್ನು ಕೇಳಿ.

5. ಬಿಡಿ ಕಥೆಗಳು ಮೊದಲು ಪತ್ರಿಕೆಗೆ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗೆ ಹಬ್ಬಕ್ಕೆ ತಿಂಗಳುಗಳ ಮುಂಚೆಯೇ ಆಹ್ವಾನ ಬರುತ್ತದೆ. ಅಲ್ಲಿಗೆ ಅಪ್ರಕಟಿತ ಕಥೆಯೇ ಆಗಬೇಕು. ಸಂಕಲನ ಬಂದ ಮೇಲೆ ಆ ಬಾಗಿಲು ಮುಚ್ಚಿತು.

6. ಮೊದಲ ಪುಸ್ತಕದ ಅವಕಾಶ ಒಂದೇ ಸಲ. ಛಂದ ಪುಸ್ತಕ ಪ್ರಕಾಶನವು ಕಥಾಸಂಕಲನಗಳ ಹಸ್ತಪ್ರತಿ ಸ್ಪರ್ಧೆ ನಡೆಸುತ್ತ ಹಲವು ಹೊಸ ಕಥೆಗಾರರನ್ನು ಪರಿಚಯಿಸಿದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅವಸರದಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸುವ ಮುನ್ನ ಇವುಗಳ ಪ್ರಕಟಣೆ, ವಯೋಮಿತಿ, ಕೊನೆಯ ದಿನಾಂಕ ನೋಡಿ.

7. ಹೊರದೇಶದ ಏಜೆಂಟರಿಗೆ ಅವರದೇ ಪಂಚಾಂಗ. ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದ ಮೇಲೆ ಅನುವಾದದ ಕನಸು ಅನೇಕರಲ್ಲಿ ಚಿಗುರಿದೆ. ನೀವೂ ಅನುವಾದ ಕಳಿಸುವಿರಾದರೆ ಮಾರ್ಚ್‌ನ ಲಂಡನ್ ಪುಸ್ತಕ ಮೇಳ, ಅಕ್ಟೋಬರ್‌ನ ಫ್ರಾಂಕ್‌ಫರ್ಟ್ ಮೇಳದ ವಾರಗಳನ್ನು ತಪ್ಪಿಸಿ. ಆಗ ಏಜೆಂಟರು ಹಕ್ಕುಗಳ ಮಾರಾಟದಲ್ಲಿ ಮುಳುಗಿರುತ್ತಾರೆ. ಆಗಸ್ಟ್ ಮತ್ತು ಡಿಸೆಂಬರ್ ಕೊನೆ ರಜೆಯ ಕಾಲ.

8. ಕಳಿಸಿದ ಮೇಲೆ ತಾಳ್ಮೆ. ವಾರಕ್ಕೊಮ್ಮೆ ಫೋನ್ ಮಾಡಬೇಡಿ. ಮೂರು ತಿಂಗಳಾದ ಮೇಲೆ ವಿನಯದಿಂದ ಎರಡು ಸಾಲು ಬರೆದು ವಿಚಾರಿಸಿ. ಇಬ್ಬರಿಗೆ ಒಟ್ಟಿಗೆ ಕಳಿಸಿದ್ದರೆ ಇಬ್ಬರಿಗೂ ಹೇಳಿ. ಒಬ್ಬರು ಒಪ್ಪಿದ ದಿನವೇ ಇನ್ನೊಬ್ಬರಿಗೆ ತಿಳಿಸಿ.

ಸಕಾಲ ನೋಡಿ ಕಳಿಸಿದರೆ ನಿಮ್ಮ ಬರಹಕ್ಕೆ ಗಮನವಿಟ್ಟ ಓದು ಸಿಕ್ಕೀತು. ಕಾಳಿಲ್ಲದ ಬರಹವನ್ನು ಯಾವ ಮುಹೂರ್ತವೂ ಉಳಿಸದು. ಈಗಲೇ ಮುಂದಿನ ವರ್ಷದ ಕ್ಯಾಲೆಂಡರ್‌ನಲ್ಲಿ ದಿನಾಂಕಗಳನ್ನು ಗುರುತು ಹಾಕಿಕೊಳ್ಳಿ. ಉತ್ತರ ಬರುವವರೆಗೆ ಮುಂದಿನ ಪುಸ್ತಕ ಬರೆಯಿರಿ.