ಮೊದಲು ಬಿಲ್ಲೆ, ಆಮೇಲೆ ನಿಧಿ

‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಆಡಲು ಕೂತವರಿಗೆ ಒಂದು ಮಾತು. 2017ರಲ್ಲಿ ಬಂದ ಈ ವಿಡಿಯೊ ಆಟದ ಬಹುಪಾಲು ನಮ್ಮ ಪಶ್ಚಿಮಘಟ್ಟದಲ್ಲೇ ನಡೆಯುತ್ತದೆ, ಹೊಯ್ಸಳರ ಹೆಸರೂ ಇದೆ. ಎಡವುವ ಜಾಗ ನಾಲ್ಕನೇ ಅಧ್ಯಾಯ. ಬಯಲು ವಿಶಾಲವಾಗಿದೆ, ಜೀಪು ಕೈಯಲ್ಲಿದೆ, ಕಂಡಲ್ಲೆಲ್ಲ ನಿಧಿ ಹುಡುಕುವ ಆತುರ ಹುಟ್ಟುತ್ತದೆ. ಆತುರಪಡಬೇಡಿ. ಅಲ್ಲಿ ಚದುರಿರುವ 11 ಹೊಯ್ಸಳ ಬಿಲ್ಲೆಗಳನ್ನು ಮೊದಲು ಕೂಡಿಸಿದರೆ ರಾಣಿಯ ಮಾಣಿಕ್ಯದ ಕೈಬಳೆ ಸಿಗುತ್ತದೆ; ನಿಧಿ ಹತ್ತಿರವಿದ್ದರೆ ಅದೇ ಸೂಚನೆ ಕೊಡುತ್ತದೆ. ಬಳೆಯಿಲ್ಲದೆ ಪೊದೆಪೊದೆ ತಡಕುವುದು ವ್ಯರ್ಥ ದುಡಿಮೆ.

ಕಥೆಯ ಓಟ ಕೆಡುತ್ತದಲ್ಲ ಎನ್ನುವವರಿದ್ದಾರೆ. ನಿಜ, ಬಿಲ್ಲೆಗಳು ಕಡ್ಡಾಯವಲ್ಲ. ಬಿಟ್ಟು ಮುಂದೆ ಹೋದರೂ ಅಧ್ಯಾಯವನ್ನು ಮತ್ತೆ ಆಡಬಹುದು. ಆದರೆ ಆಗ ನೋಡಿದ ದಾರಿಯನ್ನೇ ಎರಡನೆಯ ಸಲ ಸವೆಸಬೇಕು. ಯೂಟ್ಯೂಬ್ ನೋಡಿದರಾಯಿತಲ್ಲ ಎಂಬುದು ಇನ್ನೊಂದು ವಾದ. ಒಂದೆರಡು ಬಿಲ್ಲೆ ಕೈಗೆ ಸಿಗದಿದ್ದಾಗ ನೋಡಿ, ತಪ್ಪಿಲ್ಲ. ಮೊದಲಿನಿಂದಲೇ ವಿಡಿಯೊ ಹಿಡಿದು ಕೂತರೆ ಹುಡುಕಿದವರು ನೀವಲ್ಲ, ಆ ವಿಡಿಯೊ ಮಾಡಿದವರು! ಪ್ರತಿ ಬಿಲ್ಲೆಗೂ ಒಂದು ಒಗಟೋ ಹತ್ತುವ ದಾರಿಯೋ ಕಾಳಗವೋ ಇದೆ, ಆಟದ ಸವಿ ಇರುವುದೇ ಅಲ್ಲಿ.

ಇನ್ನು, ಪರದೆಯ ಮೇಲಿನ ಹೊಯ್ಸಳ ನಾಡು ಕಲ್ಪನೆಯದು. ನಿಜವಾದ ರಾಜಧಾನಿ ದೋರಸಮುದ್ರ, ಈಗಿನ ಹಳೇಬೀಡು. ಬೇಲೂರು, ಸೋಮನಾಥಪುರಗಳ ಜೊತೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.