ಒತ್ತಿದ್ದು ಒಂದು, ಆದದ್ದು ಇನ್ನೊಂದು: ಫೋನ್ ತನ್ನ ವರಸೆ ಬದಲಿಸಿದಾಗ

ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಕೆ.ಆರ್. ಪೇಟೆಯಲ್ಲಿರುವ ನಮ್ಮ ನಾನಿಯ ಫೋನ್ ಇದ್ದಕ್ಕಿದ್ದಂತೆ ಮಾತಾಡಲು ಶುರು ಮಾಡಿತು. ಪರದೆಯ ಮೇಲೆ ಎಲ್ಲಿ ಮುಟ್ಟಿದರೂ ಅಲ್ಲಿರುವ ಹೆಸರನ್ನು ಒಂದು ಹೆಣ್ಣು ಧ್ವನಿ ಇಂಗ್ಲಿಷಿನಲ್ಲಿ ಓದುತ್ತಿತ್ತು. ಅದರ ಸುತ್ತ ಒಂದು ಚೌಕ ಮೂಡುತ್ತಿತ್ತು. ಆದರೆ ಆ್ಯಪ್ ತೆರೆಯುತ್ತಿರಲಿಲ್ಲ, ಬೆರಳಲ್ಲಿ ಎಳೆದರೆ ಪುಟ ಸರಿಯುತ್ತಿರಲಿಲ್ಲ. ನಾನಿ ಹೆದರಿ, ಪಕ್ಕದ ಮನೆಯ ಹುಡುಗನ ಕೈಯಲ್ಲಿ ಫೋನನ್ನು ಒಂದು ಅಂಗಡಿಗೆ ಕಳಿಸಿದರು. ಅಂಗಡಿಯವರು "ವೈರಸ್ ಬಂದಿದೆ" ಅಂದರು, ಮುನ್ನೂರು ರೂಪಾಯಿ ತೆಗೆದುಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿ ಕೊಟ್ಟರು.

ಫೋನ್ ಸರಿಯಾಯಿತು. ಆದರೆ ಅದರಲ್ಲಿ ನಾನಾ ತೀರಿಕೊಳ್ಳುವ ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ ಧ್ವನಿ ಸಂದೇಶಗಳಿದ್ದವು. ದೊಡ್ಡ ಮಾತುಗಳೇನಲ್ಲ. ಬಸ್ ಸಿಕ್ಕಿತು, ಒಂಬತ್ತಕ್ಕೆ ಬರುತ್ತೇನೆ, ಮಾತ್ರೆ ತಗೊಂಡೆಯಾ ಎಂಬಂಥವು. ನಾನಿ ಅವನ್ನು ರಾತ್ರಿ ಹಾಕಿಕೊಂಡು ಕೇಳುತ್ತಿದ್ದರು. ಬ್ಯಾಕಪ್ ಇರಲಿಲ್ಲ. ಎಲ್ಲ ಹೋಯಿತು.

ಅದು ವೈರಸ್ ಅಲ್ಲ ಎಂದು ನನಗೆ ತಿಳಿದದ್ದು ಪಿಯುಸಿಗೆ ಸೇರಿದ ಮೇಲೆ. ಅದರ ಹೆಸರು ಟಾಕ್‌ಬ್ಯಾಕ್. ಕಣ್ಣು ಕಾಣದವರು ಫೋನ್ ಬಳಸಲೆಂದು ಆಂಡ್ರಾಯ್ಡ್‌ನಲ್ಲಿ ಇಟ್ಟಿರುವ ಸೌಲಭ್ಯ ಅದು. ಅವರಿಗೆ ಅದೇ ಕಣ್ಣು, ಆದ್ದರಿಂದ ಅದನ್ನು ಬೈಯಬೇಡಿ. ಅದು ಆನ್ ಆದಾಗ ಒಂದು ಸಲ ಮುಟ್ಟಿದರೆ ಓದುತ್ತದೆ, ಎರಡು ಸಲ ಬೇಗ ತಟ್ಟಿದರೆ ತೆರೆಯುತ್ತದೆ, ಪುಟ ಸರಿಸಲು ಎರಡು ಬೆರಳು ಬೇಕು. ಶಾರ್ಟ್‌ಕಟ್ ಆನ್ ಇರುವ ಫೋನ್‌ಗಳಲ್ಲಿ ಸೌಂಡ್ ಹೆಚ್ಚು ಕಡಿಮೆ ಮಾಡುವ ಎರಡೂ ಬಟನ್‌ಗಳನ್ನು ಒಟ್ಟಿಗೆ ಮೂರು ಸೆಕೆಂಡ್ ಹಿಡಿದರೆ ಟಾಕ್‌ಬ್ಯಾಕ್ ಬರುತ್ತದೆ, ಮತ್ತೆ ಹಿಡಿದರೆ ಹೋಗುತ್ತದೆ. ಫೋನನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ನಡೆಯುವುದು ನಾನಿಯ ಅಭ್ಯಾಸ. ಮೂರು ಸೆಕೆಂಡಿನಲ್ಲಿ ಹೋಗಬಹುದಾಗಿದ್ದ ತೊಂದರೆಗೆ ನಾನಾರ ಧ್ವನಿಯೇ ಹೋಯಿತು.

ಅಂದಿನಿಂದ ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ನಮ್ಮ ತರಗತಿಗೆ ಶ್ರೀರಂಗಪಟ್ಟಣದವರಲ್ಲದೆ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯವರೂ ಬರುತ್ತಾರೆ. ಫೋನ್ ವಿಷಯ ನನಗೆ ಸ್ವಲ್ಪ ಗೊತ್ತು ಎಂದು ಸುದ್ದಿ ಹಬ್ಬಿ, ಊಟದ ಬಿಡುವಿನಲ್ಲಿ ಗೆಳತಿಯರು ಮನೆಯ ಫೋನ್‌ಗಳ ದೂರು ತರುತ್ತಾರೆ. ಕಾಲೇಜಿಗೆ ಫೋನ್ ತರುವಂತಿಲ್ಲ. ಹಾಗಾಗಿ ಅವರು ರೋಗದ ಲಕ್ಷಣ ಮಾತ್ರ ತರುತ್ತಾರೆ, ರೋಗಿಯನ್ನು ತರುವುದಿಲ್ಲ. ಇದರಿಂದ ನನಗೊಂದು ಲಾಭವಾಯಿತು. ಕೈಗೆ ಸಿಕ್ಕಿದ್ದರೆ ಅಲ್ಲಿ ಇಲ್ಲಿ ಒತ್ತಿ ನೋಡುತ್ತಿದ್ದೆ. ಸಿಗದ್ದರಿಂದ ಪ್ರಶ್ನೆ ಕೇಳುವುದನ್ನು ಕಲಿತೆ.

ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಕೊನೆಯ ಸಲ ಸರಿಯಾಗಿದ್ದದ್ದು ಯಾವಾಗ, ಆಮೇಲೆ ಏನಾಯಿತು? "ಏನೂ ಆಗಿಲ್ಲ ಕಣೆ" ಎಂದೇ ಎಲ್ಲರೂ ಶುರು ಮಾಡುತ್ತಾರೆ. ಎರಡು ನಿಮಿಷ ಕಾದರೆ ಏನೋ ಒಂದು ಹೊರಬರುತ್ತದೆ. ತಮ್ಮ ಆಟ ಆಡಿದ್ದ, ಹೊಸ ಪೌಚ್ ಹಾಕಿಸಿದ್ದೆವು, ರಾತ್ರಿ ಅಪ್‌ಡೇಟ್ ಕೇಳಿತು ಸರಿ ಅಂದೆವು, ವಾಟ್ಸ್‌ಆ್ಯಪ್‌ನಲ್ಲಿ ಏನೋ ಬಂದಿತ್ತು. ಈ ನಾಲ್ಕರಲ್ಲಿ ಯಾವುದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಪವರ್ ಬಟನ್ ದೂರು ನನ್ನ ನೋಟ್‌ಬುಕ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದಿದೆ. "ಆಫ್ ಮಾಡೋಣ ಅಂತ ಒತ್ತಿ ಹಿಡಿದರೆ ಆಫ್ ಆಗಲ್ಲ, ಏನು ಬೇಕು ಅಂತ ಕೇಳ್ತದೆ." ಹಿಂದೆ ಆ ಬಟನ್‌ಗೆ ಇದ್ದದ್ದು ಆನ್ ಆಫ್ ಕೆಲಸ. ಈಗ ಅನೇಕ ಕಂಪನಿಗಳು ಅದನ್ನು ಒತ್ತಿ ಹಿಡಿದರೆ ಅಸಿಸ್ಟೆಂಟ್ ಅಥವಾ ಜೆಮಿನಿ ಬರುವಂತೆ ಇಟ್ಟಿವೆ. ಬಟನ್ ಕೆಟ್ಟಿಲ್ಲ, ಅದರ ಕೆಲಸ ಬದಲಾಗಿದೆ. ಸೆಟ್ಟಿಂಗ್ಸ್ ತೆರೆದು ಮೇಲಿರುವ ಹುಡುಕುವ ಜಾಗದಲ್ಲಿ ಪವರ್ ಬಟನ್ ಎಂದು, ಸ್ಯಾಮ್‌ಸಂಗ್ ಆದರೆ ಸೈಡ್ ಬಟನ್ ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಒತ್ತಿ ಹಿಡಿದರೆ ಏನಾಗಬೇಕು ಎಂಬ ಆಯ್ಕೆ ಸಿಗುತ್ತದೆ, ಅಲ್ಲಿ ಪವರ್ ಮೆನು ಆರಿಸಿ. ಕಂಪನಿಯಿಂದ ಕಂಪನಿಗೆ ದಾರಿ ಬೇರೆಯಾದ್ದರಿಂದ, ಇಲ್ಲಿ ಹೋಗಿ ಅಲ್ಲಿ ಹೋಗಿ ಎಂದು ನಾನು ಹೇಳುವುದಿಲ್ಲ, ಹುಡುಕುವುದೇ ಸುಲಭ. ಅಷ್ಟರೊಳಗೆ ಆಫ್ ಮಾಡಲೇಬೇಕಾದರೆ ಅನೇಕ ಫೋನ್‌ಗಳಲ್ಲಿ ಪವರ್ ಮತ್ತು ಸೌಂಡ್ ಹೆಚ್ಚಿಸುವ ಬಟನ್ ಒಟ್ಟಿಗೆ ಒತ್ತಬೇಕು, ಸ್ಯಾಮ್‌ಸಂಗ್‌ನಲ್ಲಿ ಸೈಡ್ ಬಟನ್ ಜೊತೆ ಸೌಂಡ್ ಕಡಿಮೆ ಮಾಡುವುದನ್ನು.

ಇದೇ ಬಟನ್‌ಗೆ ಇನ್ನೊಂದು ಕೆಲಸವಿದೆ, ಅದನ್ನು ಮಾತ್ರ ತೆಗೆದುಹಾಕಬೇಡಿ. ನಮ್ಮ ದೇಶದಲ್ಲಿ ಮಾರುವ ಫೋನ್‌ಗಳಲ್ಲಿ ಪ್ಯಾನಿಕ್ ಬಟನ್ ಇರಲೇಬೇಕು ಎಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಕೀಪ್ಯಾಡ್ ಫೋನ್‌ನಲ್ಲಿ 5 ಅಥವಾ 9 ಅನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನ್‌ನಲ್ಲಿ ಪವರ್ ಬಟನ್ ಅನ್ನು ಬೇಗ ಬೇಗ ಮೂರು ಸಲ ಒತ್ತುವುದು ಹೀಗೆ. ಈಗಿನ ಕೆಲವು ಫೋನ್‌ಗಳಲ್ಲಿ ಐದು ಸಲ ಒತ್ತಬೇಕು. ಕರೆ 112ಕ್ಕೆ ಹೋಗುತ್ತದೆ. ನಮ್ಮ ತರಗತಿಯ ಒಬ್ಬಳ ತಮ್ಮ ಬಟನ್ ಟಕಟಕ ಒತ್ತಿ ಆಡುತ್ತಿದ್ದಾಗ ಫೋನ್ ಜೋರಾಗಿ ಸದ್ದು ಮಾಡಿ ಎಣಿಸಲು ಶುರು ಮಾಡಿತಂತೆ. ಅವರ ಅಮ್ಮಿ ಫೋನನ್ನೇ ಅಕ್ಕಿ ಡಬ್ಬದೊಳಗೆ ಹಾಕಿ ಮುಚ್ಚಿದರಂತೆ! ಕರೆ ತಪ್ಪಿ ಹೋಗಿದ್ದರೆ ಕಟ್ ಮಾಡಿ ಸುಮ್ಮನಾಗದೆ, ತಪ್ಪಾಗಿ ಬಂತು ಎಂದು ಆ ಕಡೆಯವರಿಗೆ ಹೇಳಿ ಇಡುವುದು ಒಳ್ಳೆಯದು. ನಿಮ್ಮ ಫೋನ್‌ನಲ್ಲಿ ಎಷ್ಟು ಸಲ ಒತ್ತಬೇಕು ಎಂಬುದನ್ನು ಸೆಟ್ಟಿಂಗ್ಸ್‌ನ ಸುರಕ್ಷತೆ ಭಾಗದಲ್ಲಿ ನೋಡಿಡಿ. ಸಂಜೆ ಕೊನೆಯ ಬಸ್ಸಿಗೆ ಹೋಗುವ ನಮ್ಮಂಥವರಿಗೆ ಅದು ಗೊತ್ತಿರಬೇಕು.

ಕೆಳಗಿನ ಮೂರು ಬಟನ್ ಮಾಯವಾಗುವುದು ಸಣ್ಣ ತೊಂದರೆ. ಬಟನ್ ಬದಲು ಬೆರಳು ಸನ್ನೆಯ ವಿಧಾನ ಆನ್ ಆಗಿರುತ್ತದೆ. ಪರದೆಯ ಅಂಚಿನಿಂದ ಒಳಕ್ಕೆ ಎಳೆದರೆ ಹಿಂದಕ್ಕೆ, ಕೆಳಗಿಂದ ಮೇಲಕ್ಕೆ ಎಳೆದರೆ ಹೋಮ್. ಸೆಟ್ಟಿಂಗ್ಸ್‌ನಲ್ಲಿ ನ್ಯಾವಿಗೇಷನ್ ಎಂದು ಹುಡುಕಿ ಮೂರು ಬಟನ್ ಆರಿಸಿದರೆ ಮುಗಿಯಿತು. ಹಿಂದಕ್ಕೆ ಹೋಗುವ ಬಟನ್ ಎಡದಿಂದ ಬಲಕ್ಕೆ ಹೋಗಿದ್ದರೂ ಅಲ್ಲೇ ಸರಿಪಡಿಸಬಹುದು.

ಹೋಮ್ ಪರದೆ ಪೂರ್ತಿ ಬದಲಾಗಿ, ಐಕಾನ್‌ಗಳು ಬೇರೆ ಆಕಾರಕ್ಕೆ ಬಂದು, ಮನೆಯವರ ಫೋಟೋ ಹೋಗಿ ಯಾವುದೋ ಹೂವಿನ ಚಿತ್ರ ಬಂದಿದ್ದರೆ ಲಾಂಚರ್ ಬದಲಾಗಿರುವ ಸಾಧ್ಯತೆ ಹೆಚ್ಚು. ಹೋಮ್ ಪರದೆ ಎಂಬುದೂ ಒಂದು ಆ್ಯಪ್. ಅದನ್ನೇ ಲಾಂಚರ್ ಎನ್ನುತ್ತಾರೆ. ಥೀಮ್, ವಾಲ್‌ಪೇಪರ್ ಎಂದು ಇಳಿಸಿಕೊಂಡ ಆ್ಯಪ್ "ನನ್ನನ್ನೇ ಹೋಮ್ ಮಾಡಿಕೊಳ್ಳಿ" ಎಂದು ಕೇಳುತ್ತದೆ, ನಾವು ಓದದೆ ಸರಿ ಒತ್ತುತ್ತೇವೆ. ಹಳೆಯದು ಅಳಿದಿರುವುದಿಲ್ಲ, ಹಿಂದೆ ನಿಂತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಆ್ಯಪ್ಸ್, ಅದರೊಳಗೆ ಹೋಮ್ ಆ್ಯಪ್. ಅಲ್ಲಿ ಫೋನಿನ ಮೂಲ ಲಾಂಚರ್ ಆರಿಸಿ, ಆಮೇಲೆ ಆ ಹೊಸದನ್ನು ತೆಗೆದುಹಾಕಿ. ಹಳೆಯ ಪರದೆ ಇದ್ದ ಹಾಗೇ ವಾಪಸ್ ಬಂದಾಗ ಮನೆಯವರು ನಿಮ್ಮನ್ನು ನೋಡುವ ರೀತಿಯೇ ಬೇರೆ ಇರುತ್ತದೆ.

ನನ್ನ ತಲೆ ಕೆಡಿಸಿದ್ದು ಪಾಂಡವಪುರ ಕಡೆಯ ಒಂದು ಆಲೆಮನೆಯ ಫೋನ್. ನನ್ನ ಗೆಳತಿಯ ಚಾಚಾ ಅಲ್ಲಿ ಕೆಲಸ ಮಾಡುತ್ತಾರೆ. ಫೋನ್ ಆನ್ ಆಗುತ್ತದೆ, ಕರೆ ಹೋಗುತ್ತದೆ, ಆದರೆ ವಾಟ್ಸ್‌ಆ್ಯಪ್ ಇಲ್ಲ, ಫೋನ್‌ಪೇ ಇಲ್ಲ. ಆಫ್ ಮಾಡಿ ಆನ್ ಮಾಡಿದರೂ ಅದೇ. ಎರಡು ದಿನ ನನಗೂ ತಿಳಿಯಲಿಲ್ಲ. ಮೂರನೇ ದಿನ, ಪರದೆಯ ಕೆಳ ಮೂಲೆಯಲ್ಲಿ ಏನಾದರೂ ಬರೆದಿದೆಯಾ ನೋಡಿಕೊಂಡು ಬಾ ಅಂದೆ. ಸೇಫ್ ಮೋಡ್ ಎಂದಿತ್ತು. ಸೇಫ್ ಮೋಡ್‌ನಲ್ಲಿ ಫೋನಿನ ಜೊತೆ ಬಂದ ಆ್ಯಪ್‌ಗಳಷ್ಟೇ ನಡೆಯುತ್ತವೆ, ನಾವು ಹಾಕಿಕೊಂಡವು ನಡೆಯುವುದಿಲ್ಲ. ಸಾಮಾನ್ಯವಾಗಿ ಒಂದು ಸಲ ಆಫ್ ಆನ್ ಮಾಡಿದರೆ ಅದು ಹೋಗಬೇಕು. ಇಲ್ಲಿ ಯಾಕೆ ಹೋಗುತ್ತಿಲ್ಲ? ಅನೇಕ ಫೋನ್‌ಗಳಲ್ಲಿ ಆನ್ ಆಗುವಾಗ ಸೌಂಡ್ ಕಡಿಮೆ ಮಾಡುವ ಬಟನ್ ಒತ್ತಿಕೊಂಡಿದ್ದರೆ ಅದು ಸೇಫ್ ಮೋಡ್‌ಗೇ ಹೋಗುತ್ತದೆ. ಬೆಲ್ಲದ ಪಾಕದ ಕೈ, ಅದರ ಮೇಲೆ ಬಿಗಿಯಾದ ಪೌಚ್, ಬಟನ್ ಒಳಗೇ ಅಂಟಿ ಕೂತಿತ್ತು. ಫೋನ್ ರಿಂಗ್ ಆಗುತ್ತಿಲ್ಲ ಎಂದೂ ಚಾಚಾ ಹೇಳಿದ್ದರಂತೆ, ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಪೌಚ್ ತೆಗೆದು, ಫೋನ್ ಆಫ್ ಮಾಡಿ, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಆ ಅಂಚನ್ನು ಒರೆಸಿ, ಬಟನ್ ಟಿಕ್ ಎನ್ನುವವರೆಗೆ ಮೆಲ್ಲಗೆ ಆಡಿಸಲು ಹೇಳಿದೆ. ಸಂಜೆ ಆ್ಯಪ್‌ಗಳೆಲ್ಲ ಬಂದವು. ಮರುದಿನ ಗೆಳತಿಯ ಟಿಫನ್ ಡಬ್ಬಿಯಲ್ಲಿ ಒಂದು ಅಚ್ಚು ಬೆಲ್ಲ ಬಂತು.

ನಾವು ಏನೂ ಮಾಡದೆ, ಏನೂ ಒತ್ತದೆ ಬದಲಾಗುವುದೂ ಉಂಟು. 2025ರ ಆಗಸ್ಟ್‌ನಲ್ಲಿ ನಿಮಗೆಲ್ಲ ನೆನಪಿರಬಹುದು, ಕರೆ ಮಾಡುವ ಪರದೆ ಒಂದೇ ರಾತ್ರಿಯಲ್ಲಿ ಬೇರೆಯಾಯಿತು. ಹ್ಯಾಕ್ ಆಗಿದೆ, ಒಟಿಪಿ ಕದಿಯುತ್ತಾರೆ ಎಂದು ನಮ್ಮ ತರಗತಿಯಲ್ಲೇ ಗಲಾಟೆ. ನಿಜವಾಗಿ ನಡೆದದ್ದು ಇಷ್ಟು. ಅನೇಕ ಕಂಪನಿಗಳ ಫೋನ್‌ಗಳಲ್ಲಿ ಕರೆಗೆ ಬಳಸುವುದು ಗೂಗಲ್‌ನ ಫೋನ್ ಆ್ಯಪ್. ಗೂಗಲ್ ಅದಕ್ಕೆ ಹೊಸ ವಿನ್ಯಾಸ ಕೊಟ್ಟು, ಜಗತ್ತಿನ ಎಲ್ಲ ಕಡೆಯ ಬಳಕೆದಾರರಿಗೂ ಬಿಡತೊಡಗಿತ್ತು. ನೆಚ್ಚಿನ ಹೆಸರುಗಳು ಮತ್ತು ಹಿಂದಿನ ಕರೆಗಳು ಸೇರಿ ಹೋಮ್ ಎಂಬ ಒಂದೇ ಪುಟವಾದವು, ಅಂಕಿ ಒತ್ತುವ ಜಾಗಕ್ಕೆ ಬೇರೆ ಪುಟ ಬಂತು. ಕರೆ ಎತ್ತುವ ಬಗೆಯೂ ಬದಲಾಯಿತು. ಬೆರಳನ್ನು ಮೇಲಕ್ಕೆ ಎಳೆದು ಕರೆ ಎತ್ತುತ್ತಿದ್ದವರು ಪಕ್ಕಕ್ಕೆ ಎಳೆಯಬೇಕಾಯಿತು.

ನಾನಿಗೆ ಇದು ಗೊತ್ತಿಲ್ಲ. ಬೆಂಗಳೂರಿನಿಂದ ಮಾಮು ಒಂದರ ಮೇಲೊಂದು ಮೂರು ಸಲ ಕರೆ ಮಾಡಿದ್ದಾರೆ, ನಾನಿ ಮೂರು ಸಲವೂ ಮೇಲಕ್ಕೇ ಎಳೆದಿದ್ದಾರೆ. ಕರೆ ಎತ್ತದ್ದು ಕಂಡು ಮಾಮು ಗಾಬರಿಯಾಗಿ ಪಕ್ಕದ ಮನೆಯವರನ್ನು ಓಡಿಸಿದ್ದಾರೆ. ಅವರು ಬಂದು ನೋಡಿದರೆ ನಾನಿ ಫೋನ್ ಕೈಯಲ್ಲಿ ಹಿಡಿದು ಅಳುತ್ತಿದ್ದಾರೆ. ಮತ್ತೆ ಅಂಗಡಿಗೆ ಕಳಿಸಬೇಡಿ ಎಂದು ನಾನು ಅಮ್ಮಿಯ ಕೈಲಿ ಹೇಳಿಸಿ, ಭಾನುವಾರ ಹೋದೆ. ಫೋನ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಬರುವ ಕರೆಯ ಸನ್ನೆ ಎಂಬುದಿದೆ. ಪಕ್ಕಕ್ಕೆ ಎಳೆಯುವುದೋ, ಒಂದು ಸಲ ಮುಟ್ಟುವುದೋ ಆರಿಸಬಹುದು. ನಾನಿಗೆ ಮುಟ್ಟುವುದನ್ನು ಇಟ್ಟೆ. ಆ್ಯಪ್‌ನ ಅಪ್‌ಡೇಟ್ ತೆಗೆದರೆ ಹಳೆಯ ರೂಪವೂ ಬರುತ್ತಿತ್ತು. ಆದರೆ ಮುಂದಿನ ಅಪ್‌ಡೇಟ್‌ನಲ್ಲಿ ಮತ್ತೆ ಬದಲಾಗುತ್ತದೆ, ನಾನಿ ಮತ್ತೆ ಹೆದರುತ್ತಾರೆ. ಅದಕ್ಕಿಂತ ಹೊಸದನ್ನೇ ಕಲಿಸುವುದು ಮೇಲು ಅನ್ನಿಸಿತು. ಒಂದು ಮಾತು ಹೇಳಲೇಬೇಕು. ಕೋಟಿಗಟ್ಟಲೆ ಜನ ದಿನವೂ ಮುಟ್ಟುವ ಬಟನ್‌ನ ಜಾಗ ಬದಲಿಸುವವರು, ಅದನ್ನು ಅವರವರ ಭಾಷೆಯಲ್ಲಿ ಒಂದು ಸಾಲು ಮೊದಲೇ ಹೇಳಿದ್ದರೆ ಏನು ನಷ್ಟವಿತ್ತು?

ಇಷ್ಟೂ ಹೇಳಿದ್ದು ಹೆದರಬೇಡಿ ಎನ್ನುವುದಕ್ಕೆ. ಈಗ ಹೆದರಲೇಬೇಕಾದ ಒಂದನ್ನು ಹೇಳುತ್ತೇನೆ. ನಾಗಮಂಗಲದ ಗೆಳತಿಯ ಅಪ್ಪನಿಗೆ ಪರಿಚಿತರ ನಂಬರಿನಿಂದಲೇ ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಆಮಂತ್ರಣ ಬಂತು. ಅದು ಫೋಟೋ ಅಲ್ಲ, ಪಿಡಿಎಫ್ ಅಲ್ಲ, ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿತ್ತು. ಎಪಿಕೆ ಎಂದರೆ ಆಂಡ್ರಾಯ್ಡ್ ಆ್ಯಪ್ ಹಾಕುವ ಫೈಲ್. ಮುಟ್ಟಿದರು, ಕೇಳಿದ್ದಕ್ಕೆಲ್ಲ ಸರಿ ಅಂದರು. ಮದುವೆ ಪತ್ರಿಕೆ ತೆರೆಯಲಿಲ್ಲ. "ಅಪ್ಪ ಸೆಟ್ಟಿಂಗ್ಸ್ ತೆಗ್ದ್ರೆ ಅದೇ ಹಿಂದಕ್ಕೆ ಹೋಯ್ತದೆ ಕಣೆ, ಯಾರೋ ಒಳಗಿಂದ ಒತ್ತಿದಂಗೆ" ಎಂದು ಅವಳು ಮರುದಿನ ಹೇಳಿದಾಗ ನನ್ನ ಕೈ ತಣ್ಣಗಾಯಿತು. ಯಾರೋ ಒಳಗಿಂದ ಒತ್ತುತ್ತಿದ್ದದ್ದು ನಿಜವೇ. ಟಾಕ್‌ಬ್ಯಾಕ್ ಕೆಲಸ ಮಾಡುವುದು ಆ್ಯಕ್ಸೆಸಿಬಿಲಿಟಿ ಎಂಬ ಅನುಮತಿಯಿಂದ. ಪರದೆಯಲ್ಲಿರುವುದನ್ನು ಓದುವುದು, ನಮ್ಮ ಪರವಾಗಿ ಬಟನ್ ಒತ್ತುವುದು ಎರಡಕ್ಕೂ ಅದು ದಾರಿ. ಕುರುಡರಿಗೆ ಕಣ್ಣಾಗುವ ಅದೇ ಅನುಮತಿ ಕಳ್ಳ ಆ್ಯಪ್‌ಗೆ ಸಿಕ್ಕರೆ, ತನ್ನನ್ನು ತೆಗೆಯಲು ಹೊರಟವರನ್ನು ಅದು ಹಿಂದಕ್ಕೆ ತಳ್ಳುತ್ತದೆ, ಎಸ್ಸೆಮ್ಮೆಸ್ಸಿನ ಒಟಿಪಿಯನ್ನೂ ಓದಬಲ್ಲದು.

ಪ್ರಿನ್ಸಿಪಾಲರ ಅನುಮತಿ ಪಡೆದು ಆಫೀಸಿನ ಫೋನಿನಿಂದಲೇ ಅವಳ ಮನೆಗೆ ಮಾತಾಡಿದೆವು. ಮೊದಲು ಏರೋಪ್ಲೇನ್ ಮೋಡ್ ಹಾಕಿ ವೈಫೈ ಆಫ್ ಮಾಡಿಸಿದೆವು. ಅಕ್ಕನ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯಿಂದ ಹಣ ಹೋಗದಂತೆ ತಡೆಸಿದರು. ಆಮೇಲೆ ಸೇಫ್ ಮೋಡ್. ಪವರ್ ಮೆನುವಿನಲ್ಲಿ ಆಫ್ ಎಂಬುದನ್ನು ಒತ್ತಿ ಹಿಡಿದರೆ ಅನೇಕ ಫೋನ್‌ಗಳು ಸೇಫ್ ಮೋಡ್ ಬೇಕೇ ಎಂದು ಕೇಳುತ್ತವೆ. ಆಲೆಮನೆ ಫೋನಿಗೆ ಶಾಪವಾಗಿದ್ದದ್ದು ಇಲ್ಲಿ ವರವಾಯಿತು. ಸೇಫ್ ಮೋಡ್‌ನಲ್ಲಿ ಕಳ್ಳ ಆ್ಯಪ್ ಎದ್ದೇಳುವುದಿಲ್ಲ. ಅಲ್ಲಿ ಆ್ಯಕ್ಸೆಸಿಬಿಲಿಟಿಯಿಂದ ಅದರ ಅನುಮತಿ ಕಿತ್ತು, ಡಿವೈಸ್ ಅಡ್ಮಿನ್ ಪಟ್ಟಿಯಲ್ಲೂ ಇದ್ದರೆ ತೆಗೆದು, ಅನ್‌ಇನ್‌ಸ್ಟಾಲ್ ಮಾಡಿದರು. ಬಳಿಕ *#21# ಒತ್ತಿ ಕರೆಗಳು ಬೇರೆ ನಂಬರಿಗೆ ತಿರುಗಿವೆಯೇ ಎಂದು ನೋಡಿ, ##002# ಒತ್ತಿ ಎಲ್ಲ ತಿರುವನ್ನೂ ರದ್ದು ಮಾಡಿದರು. ಯುಪಿಐ ಪಿನ್, ಇಮೇಲ್ ಪಾಸ್‌ವರ್ಡ್ ಬದಲಾಯಿತು. ಹಣ ಹೋಗಿರಲಿಲ್ಲ. ಹೋಗಿದ್ದರೆ ಮೊದಲ ಕರೆ 1930ಕ್ಕೆ, ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು. ಇಂಥ ಫೋನಿಗೆ ಮಾತ್ರ, ಬೇಕಾದ ಫೋಟೋ ಮತ್ತು ನಂಬರ್ ತೆಗೆದಿಟ್ಟುಕೊಂಡು ಕೊನೆಗೆ ರೀಸೆಟ್ ಮಾಡಿ ಎಂದು ನಾನೇ ಹೇಳಿದೆ.

ಉಳಿದವುಗಳಿಗೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನು ಮಾಡಿದಿರಿ ಎಂದು ಬರೆದಿಡಿ. ಪ್ರೋಗ್ರಾಂ ಲ್ಯಾಬ್‌ನಲ್ಲಿ ತಪ್ಪು ಹುಡುಕುವುದೂ ಹೀಗೆಯೇ. ಒಟ್ಟಿಗೆ ಐದು ಕಡೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ, ಹಿಂದಕ್ಕೆ ಬರಲೂ ಆಗುವುದಿಲ್ಲ. ಮನೆಯ ಹಿರಿಯರ ಫೋನ್ ಕೈಗೆ ಸಿಕ್ಕಾಗ ವಾಟ್ಸ್‌ಆ್ಯಪ್ ಬ್ಯಾಕಪ್ ಆನ್ ಇದೆಯೇ ಎಂದು ಮೊದಲು ನೋಡಿ. ಹೋಮ್ ಪರದೆಯ ಒಂದು ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಫೋನಿಗೆ ಕಳಿಸಿಕೊಳ್ಳಿ. ಬದಲಾದಾಗ ಮೊದಲು ಹೇಗಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಕಳೆದ ವಾರ ರಾತ್ರಿ ಎಂಟಕ್ಕೆ ನಾನಿ ಕರೆ ಮಾಡಿದರು. "ಬೇಟಿ, ಪರದೆ ಪೂರ್ತಿ ಕಪ್ಪು ಬಿಳುಪು ಆಗಿದೆ. ನಾನು ಏನೂ ಒತ್ತಿಲ್ಲ. ಅಂಗಡಿಗೂ ಕಳಿಸಿಲ್ಲ." ರಾತ್ರಿ ಬೇಗ ಮಲಗಲಿ ಎಂದು ನಾನೇ ಹೋದ ತಿಂಗಳು ಬೆಡ್‌ಟೈಮ್ ಮೋಡ್ ಹಾಕಿ ಮರೆತಿದ್ದೆ. ನೋಟ್‌ಬುಕ್‌ನಲ್ಲಿ ಅದನ್ನು ನನ್ನ ಹೆಸರಿನಲ್ಲೇ ಬರೆದುಕೊಂಡಿದ್ದೇನೆ.