ನಲವತ್ತರ ನಂತರ ಐಟಿ: ನಿಜವಾದ ಬೆಲೆ ಎಷ್ಟು?

ನಲವತ್ತು ದಾಟಿದ ಮೇಲೆ ವೃತ್ತಿ ಬದಲಿಸಿ ಮಾಹಿತಿ ತಂತ್ರಜ್ಞಾನ ಕ್ಷೇತ್ರಕ್ಕೆ ಹೋಗಬಯಸುವವರು ಸಾಮಾನ್ಯವಾಗಿ ತರಬೇತಿಯ ಶುಲ್ಕವನ್ನೇ ಒಟ್ಟು ಖರ್ಚೆಂದು ಎಣಿಸುತ್ತಾರೆ. ವಾಸ್ತವದಲ್ಲಿ ಖರ್ಚಿನ ದೊಡ್ಡ ಪಾಲು ಇರುವುದು ಅರ್ಥಶಾಸ್ತ್ರವು ಅವಕಾಶ ವೆಚ್ಚವೆಂದು ಕರೆಯುವ, ಅಂದರೆ ಒಂದು ದಾರಿಯನ್ನು ಹಿಡಿದ ಕಾರಣಕ್ಕೆ ಇನ್ನೊಂದು ದಾರಿಯಲ್ಲಿ ಕೈತಪ್ಪುವ ಆದಾಯದಲ್ಲಿ.

ತಿಂಗಳಿಗೆ 50,000 ರೂಪಾಯಿ ವೇತನವಿರುವ 42 ವರ್ಷದ ಉದ್ಯೋಗಿಯೊಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಖಾಸಗಿ ತರಬೇತಿಯ ಶುಲ್ಕ 2,50,000 ರೂಪಾಯಿ ಇದ್ದರೆ ಶೇ 18ರ ಜಿಎಸ್‌ಟಿ ಸೇರಿ ಅದು 2,95,000 ಆಗುತ್ತದೆ. ಕೆಲಸ ಬಿಟ್ಟು ಹತ್ತು ತಿಂಗಳು ಕಲಿಕೆಗೂ ಉದ್ಯೋಗದ ಹುಡುಕಾಟಕ್ಕೂ ಕಳೆದರೆ 5,00,000 ರೂಪಾಯಿ ವೇತನ ಹೋಗುತ್ತದೆ. ಆಮೇಲೆ ಅನುಭವವಿಲ್ಲದ ಹೊಸಬರಂತೆ 35,000ಕ್ಕೆ ಸೇರಿ ಎರಡು ವರ್ಷ ದುಡಿದರೆ ಇನ್ನೂ 3,60,000 ಕೊರತೆ ಬೀಳುತ್ತದೆ. ಒಟ್ಟು ಮೊತ್ತ 11,55,000 ರೂಪಾಯಿಯಾಗಿದ್ದು, ಅದರಲ್ಲಿ ಶುಲ್ಕದ ಪಾಲು ಸುಮಾರು ಕಾಲುಭಾಗ ಮಾತ್ರ.

ರಾಜೀನಾಮೆಯ ದಿನಾಂಕಕ್ಕೂ ಬೆಲೆಯಿದೆ. ದೀರ್ಘ ಸೇವೆಗಾಗಿ ಉದ್ಯೋಗದಾತರು ನೀಡುವ ಗ್ರಾಚ್ಯುಟಿ ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆಯ ಬಳಿಕವೇ ದೊರೆಯುತ್ತದೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 26,000 ಇದ್ದವರಿಗೆ ವರ್ಷಕ್ಕೆ 15 ದಿನಗಳ ವೇತನದ ಲೆಕ್ಕದಲ್ಲಿ ಐದು ವರ್ಷಕ್ಕೆ 75,000 ರೂಪಾಯಿ ಬರುವುದರಿಂದ, ಅವಧಿ ತುಂಬಲು ಕೆಲವೇ ತಿಂಗಳಿರುವಾಗ ಹೊರಡುವುದು ನಷ್ಟದ ವ್ಯವಹಾರ. ಭವಿಷ್ಯ ನಿಧಿಯನ್ನು ಹಿಂಪಡೆದು ಶುಲ್ಕಕ್ಕೆ ಸುರಿಯುವವರಿದ್ದಾರೆ. ಐದು ವರ್ಷ ತುಂಬುವ ಮೊದಲು ಹಾಗೆ ಪಡೆದ ಹಣಕ್ಕೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ, ಹೊಸ ಉದ್ಯೋಗದ ಖಾತೆಗೆ ವರ್ಗಾಯಿಸಿಕೊಂಡರೆ ಹಿಂದಿನ ಸೇವೆಯೂ ಎಣಿಕೆಯಲ್ಲಿ ಉಳಿಯುತ್ತದೆ. ಕಚೇರಿಯ ಸಾಮೂಹಿಕ ಆರೋಗ್ಯ ವಿಮೆ ಕೆಲಸದೊಂದಿಗೇ ಕೊನೆಗೊಳ್ಳುವುದರಿಂದಲೂ, ಹೊಸ ವೈಯಕ್ತಿಕ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗಳಿಗೆ ಗರಿಷ್ಠ 36 ತಿಂಗಳು ಕಾಯಬೇಕಾಗಬಹುದಾದ್ದರಿಂದಲೂ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ವಯಸ್ಸಿನಲ್ಲಿ ಪ್ರತ್ಯೇಕ ಪಾಲಿಸಿಯನ್ನು ಮುಂಚೆಯೇ ಮಾಡಿಸಿಕೊಳ್ಳುವುದು ಅಗತ್ಯ.

ಈ ಮೊತ್ತವನ್ನು ತಗ್ಗಿಸುವ ಬಲವಾದ ಸಾಧನವೆಂದರೆ ಹಳೆಯ ವೃತ್ತಿಯ ತಿಳಿವಳಿಕೆ. ಸಹಕಾರ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಬಹುಕಾಲ ದುಡಿದು, ನಲವತ್ತರ ಬಳಿಕ ಬೆಂಗಳೂರಿನಲ್ಲಿ ಬ್ಯಾಂಕಿಂಗ್ ತಂತ್ರಾಂಶದ ಟೆಸ್ಟಿಂಗ್‌ಗೆ, ಅಂದರೆ ತಂತ್ರಾಂಶ ಬಳಕೆಗೆ ಬರುವ ಮೊದಲು ಅದರ ದೋಷಗಳನ್ನು ಪತ್ತೆಹಚ್ಚುವ ಕೆಲಸಕ್ಕೆ ಬಂದ ಪ್ರಸ್ತುತ ಲೇಖಕನ ಅನುಭವ ಇದನ್ನೇ ಹೇಳುತ್ತದೆ. ಕಂತು 90 ದಿನಗಳಿಗಿಂತ ಹೆಚ್ಚು ಬಾಕಿ ಉಳಿದ ಸಾಲ ಅನುತ್ಪಾದಕ ಆಸ್ತಿ, ಅಂದರೆ ಎನ್‌ಪಿಎ ಆಗುತ್ತದೆಂಬುದನ್ನು ಹೊಸಬರೂ ಓದಿ ತಿಳಿಯಬಲ್ಲರು. ಆದರೆ ಒಂದು ಖಾತೆ ಎನ್‌ಪಿಎ ಆದಾಗ ಸಾಮಾನ್ಯವಾಗಿ ಅದೇ ಸಾಲಗಾರನ ಉಳಿದ ಖಾತೆಗಳೂ ಹಾಗೆಯೇ ವರ್ಗೀಕರಣಗೊಳ್ಳಬೇಕು, ಕೈಸೇರದ ಬಡ್ಡಿಯನ್ನು ಆದಾಯವೆಂದು ತೋರಿಸಬಾರದು ಎಂಬುದನ್ನು ತಂತ್ರಾಂಶದಲ್ಲಿ ಪರೀಕ್ಷಿಸಬೇಕೆಂದು ಹೊಳೆಯುವುದು ಲೆಡ್ಜರ್ ಬರೆದ ಕೈಗೆ. ಸಂದರ್ಶನದಲ್ಲಿ ಲೇಖಕನ ಅರೆಬರೆ ಪ್ರೋಗ್ರಾಮಿಂಗ್‌ಗಿಂತ ಈ ತಿಳಿವಳಿಕೆಗೇ ಬೆಲೆ ಸಿಕ್ಕಿತು, ವೇತನವೂ ಹೊಸಬರ ಮಟ್ಟಕ್ಕೆ ಇಳಿಯಲಿಲ್ಲ. ಆಸ್ಪತ್ರೆಯ ಬಿಲ್ಲಿಂಗ್, ಉಗ್ರಾಣ, ಜಿಎಸ್‌ಟಿ ಲೆಕ್ಕಪತ್ರ ಬಲ್ಲವರಿಗೂ ಇದೇ ಮಾತು ಸಲ್ಲುತ್ತದೆ.

ಎರಡನೆಯ ಸಾಧನ, ಉದ್ಯೋಗದಲ್ಲಿದ್ದುಕೊಂಡೇ ಕಲಿಯುವುದು. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ರೂಪಿಸಿದ ಎನ್‌ಪಿಟೆಲ್‌ನಲ್ಲಿ ಪಾಠಗಳು ಉಚಿತವಾಗಿದ್ದು, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವಿದೆ. ಪೈಥಾನ್ ಅಥವಾ ದತ್ತಾಂಶ ನಿರ್ವಹಣೆ ತಮಗೆ ಒಗ್ಗುತ್ತದೆಯೇ ಎಂದು ಅಲ್ಲಿ ತಿಳಿದುಕೊಳ್ಳದೆ ಕಂತಿನ ಕೋರ್ಸಿಗೆ ಸಹಿ ಹಾಕುವುದು ವಿವೇಕವಲ್ಲ. ಇಂಥ ಕಂತುಗಳು ಎಷ್ಟೋ ಬಾರಿ ಹಣಕಾಸು ಕಂಪನಿಯೊಂದು ಕಲಿಯುವವರ ಹೆಸರಿನಲ್ಲಿ ನೀಡಿದ ಸಾಲವಾಗಿರುವುದರಿಂದ, ತರಗತಿ ಬಿಟ್ಟರೂ ಬಾಕಿ ಬಿಡುವುದಿಲ್ಲ.

ಮೇಲಿನ ಉದಾಹರಣೆಯಲ್ಲಿ ಮುಂದೆ ವೇತನ 70,000ಕ್ಕೆ ಏರಿದರೂ, ಹೆಚ್ಚುವರಿ 20,000ದಿಂದ 11,55,000 ತುಂಬಿಕೊಳ್ಳಲು 58 ತಿಂಗಳು ಬೇಕು. 42ರಲ್ಲಿ ಹೊರಟವರು ಅಸಲು ಮುಟ್ಟುವಾಗ 50ರ ಸಮೀಪದಲ್ಲಿರುತ್ತಾರೆ; 50ರಲ್ಲಿ ಹೊರಟವರು ನೌಕರರ ಪಿಂಚಣಿಯ ವಯಸ್ಸಾದ 58ರ ಸಮೀಪದಲ್ಲಿರುತ್ತಾರೆ. ಸಂಬಳವಿಲ್ಲದ ತಿಂಗಳುಗಳನ್ನೂ ಹೊಸಬರ ವೇತನವನ್ನೂ ತಪ್ಪಿಸಿಕೊಂಡರೆ ಉಳಿಯುವುದು ಶುಲ್ಕ ಮಾತ್ರ, ಅದನ್ನು ತುಂಬಲು 15 ತಿಂಗಳು ಸಾಕು. ವಯಸ್ಸು ಹೆಚ್ಚಿದಷ್ಟೂ ರಾಜೀನಾಮೆಯನ್ನು ಕೊನೆಯ ಹೆಜ್ಜೆಯಾಗಿ ಇಟ್ಟುಕೊಳ್ಳುವುದು ಲೇಸು.